ಕಚೇರಿಯ ಮೇಜೂ ನಮ್ಮ ಅರ್ಜಿಯೂ

ಸರಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ಮನುಷ್ಯರಲ್ಲ, ಮೇಜುಗಳು. ಮೇಜಿನ ಆಚೆ ಕುಳಿತವರು, ಈಚೆ ನಿಂತವರು. ಆ ಮೇಜಿನ ಅಗಲ ಎರಡೂವರೆ ಅಡಿ ಇದ್ದೀತು, ಹೆಚ್ಚೆಂದರೆ ಮೂರಡಿ. ಕನ್ನಡದಲ್ಲಿ ಅರ್ಜಿ ಬರೆದುಕೊಂಡು ಹೋದ ನಮ್ಮವರಿಗೆ ಮಾತ್ರ ಅದು ಆಷಾಢದ ಚಂದ್ರಗಿರಿ ಹೊಳೆಯಷ್ಟು ಅಗಲವಾಗಿ ಕಾಣುವುದುಂಟು.

ಭಾಷಾ ಅಲ್ಪಸಂಖ್ಯಾತರ ಕಷ್ಟಸುಖಗಳ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಶಾಲೆ, ಪಠ್ಯಪುಸ್ತಕ, ಅಧ್ಯಾಪಕರ ನೇಮಕಾತಿ, ನಾಮಫಲಕ, ಎಲ್ಲವೂ ಬಂದಿವೆ. ಹಾಗಿರುತ್ತ ನಾವು ಮೇಜು, ಕುರ್ಚಿ, ಕಪಾಟುಗಳ ಬಗ್ಗೆ ಬರೆಯಹೊರಟರೆ ಕೆಲವರು ನಕ್ಕಾರು. ಮಾಸ್ತರರಿಗೆ ಬೇರೆ ವಿಷಯ ಸಿಗಲಿಲ್ಲವೆ ಎಂದಾರು. ಆದರೆ ನಮ್ಮ ಅರ್ಜಿಗಳು ಎಲ್ಲಿ ಸಿಕ್ಕಿಬೀಳುತ್ತವೆಂದು ಹುಡುಕುತ್ತ ಹೋದರೆ ಕೊನೆಗೆ ತಲುಪುವುದು ಒಂದು ಮೇಜಿನ ಖಾನೆಗೆ. ಆದುದರಿಂದ ಆ ಖಾನೆ ಅಲ್ಲಿಗೆ ಹೇಗೆ ಬಂತೆಂದು ತಿಳಿಯುವುದರಲ್ಲಿ ತಪ್ಪಿಲ್ಲ.

ನಮ್ಮ ಕಡೆಯ ಹಿಂದಿನ ಶಾನುಭೋಗರಿಗೆ ಮೇಜೆಂಬುದೇ ಇರಲಿಲ್ಲ. ಜಗಲಿಯಲ್ಲಿ ಚಾಪೆ ಹಾಸಿ, ಚಕ್ಕಳಮಕ್ಕಳ ಹಾಕಿ ಕುಳಿತು, ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆಯ ಮೇಲೆ ಲೆಕ್ಕ ಬರೆಯುವುದು. ಮುಚ್ಚಿದರೆ ಅದೇ ಮೇಜು, ತೆರೆದರೆ ಅದೇ ಕಪಾಟು. ಬಂದವನೂ ಅದೇ ಜಗಲಿಯ ಅಂಚಿನಲ್ಲಿ ಕುಳಿತು ತನ್ನ ಅಹವಾಲು ಹೇಳಿಕೊಳ್ಳುತ್ತಿದ್ದ. ಎಲ್ಲರಿಗೂ ಕುಳಿತುಕೊಳ್ಳುವ ಯೋಗ್ಯತೆ ಇತ್ತೆಂದು ನಾವು ಹೇಳಲಾರೆವು. ಅಂಗಳದಾಚೆಯೇ ನಿಲ್ಲಬೇಕಾಗಿದ್ದವರೂ ಬಹಳ ಮಂದಿ ಇದ್ದರು. ಹಳೆಯದೆಲ್ಲ ಚಿನ್ನವೆನ್ನುವ ಪೈಕಿ ನಾವಲ್ಲ.

ಅದಕ್ಕೂ ಹಿಂದಿನದು ಕಡತ. ಇಂದು ಕರ್ನಾಟಕದ ಕಚೇರಿಗಳಲ್ಲಿ ಫೈಲಿಗೆ ಕಡತವೆನ್ನುತ್ತಾರೆ. ಮೂಲದಲ್ಲಿ ಕಡತವೆಂದರೆ ಹುಣಸೆಬೀಜದ ಅಂಟಿಗೆ ಇದ್ದಲಿನ ಪುಡಿ ಕಲಸಿ ಬಳಿದು, ಒಣಗಿಸಿ, ಪದರ ಪದರವಾಗಿ ಮಡಚಿಡುವ ಕಪ್ಪು ಬಟ್ಟೆ. ಬಳಪದಿಂದ ಬರೆಯುವುದು, ಬೇಡವಾದರೆ ಒರಸುವುದು. ಶೃಂಗೇರಿ ಮಠದ ಲೆಕ್ಕಪತ್ರಗಳು ಇಂಥ ಕಡತಗಳಲ್ಲಿಯೇ ಇದ್ದವು. ಇಂಗ್ಲಿಷಿನ ಫೈಲ್ ಎಂಬ ಶಬ್ದದ ಮೂಲವಾದರೋ ನೂಲು. ಕಾಗದಗಳನ್ನು ದಾರಕ್ಕೋ ತಂತಿಗೋ ಪೋಣಿಸಿ ತೂಗಹಾಕುತ್ತಿದ್ದ ಕಾಲದ ಶಬ್ದವದು. ನಮ್ಮ ಪೇಟೆಯ ಹಳೆಯ ಜಿನಸಿನ ಅಂಗಡಿಗಳಲ್ಲಿ ಬಗ್ಗಿಸಿದ ತಂತಿಗೆ ಚುಚ್ಚಿದ ಬಿಲ್ಲುಗಳನ್ನು ಈಗಲೂ ನೋಡಬಹುದು. ಅದೇ ಶುದ್ಧವಾದ ಫೈಲು. ಇನ್ನು ಬ್ಯೂರೋ ಎಂಬ ಫ್ರೆಂಚ್ ಶಬ್ದ ಮೊದಲು ಮೇಜಿಗೆ ಹಾಸುವ ಒರಟು ಉಣ್ಣೆಬಟ್ಟೆಗೆ ಸಂಬಂಧಿಸಿದ್ದು. ಬಟ್ಟೆಯ ಹೆಸರು ಮೇಜಿಗೆ ಬಂತು, ಮೇಜಿನ ಹೆಸರು ಕೋಣೆಗೆ ಬಂತು, ಕೋಣೆಯ ಹೆಸರು ಅಧಿಕಾರಕ್ಕೆ ಬಂತು. 18ನೆಯ ಶತಮಾನದಲ್ಲಿ ಗೂರ್ನೇ ಎಂಬ ಫ್ರೆಂಚ್ ಅಧಿಕಾರಿ ಮೇಜಿನವರ ಆಳ್ವಿಕೆಯೆಂಬ ಅರ್ಥದಲ್ಲಿ ಬ್ಯೂರಾಕ್ರಸಿ ಎಂಬ ಶಬ್ದವನ್ನು ಗೇಲಿಗಾಗಿ ಹುಟ್ಟಿಸಿದ. ಗೇಲಿ ಹೋಯಿತು, ಆಳ್ವಿಕೆ ಉಳಿಯಿತು.

ನಮ್ಮ ಊರಿಗೆ ಮೇಜು ಕುರ್ಚಿಗಳ ಆಡಳಿತ ಬಂದದ್ದು ಕಂಪೆನಿಯ ಕಾಲದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಸೀಮೆ ಇಂಗ್ಲಿಷರ ಕೈಗೆ ಹೋಗಿ, ಥಾಮಸ್ ಮನ್ರೋ ಇಲ್ಲಿಗೆ ಕಲೆಕ್ಟರನಾಗಿ ಬಂದ. ಬಂದವನು ಮೊದಲು ಮಾಡಿದ ಕೆಲಸವೆಂದರೆ ಶಾನುಭೋಗರಲ್ಲಿದ್ದ ಹಳೆಯ ಲೆಕ್ಕಗಳನ್ನು ತರಿಸಿ ಓದಿಸಿದ್ದು. ಕನ್ನಡದ ಲೆಕ್ಕವನ್ನು ಓದದೆ ಈ ನೆಲದ ಕಂದಾಯ ಗೊತ್ತುಮಾಡುವುದು ಸಾಧ್ಯವಿಲ್ಲವೆಂಬುದು ಆ ಪರದೇಶಿಗೆ ತಿಳಿದಿತ್ತು. ಮುಂದೆ ಮದ್ರಾಸ್ ಆಧಿಪತ್ಯದಲ್ಲಿ ರೈತವಾರಿ ಪದ್ಧತಿ ನೆಲೆಗೊಂಡಾಗ ಒಬ್ಬೊಬ್ಬ ರೈತನ ಹೆಸರಿನಲ್ಲೂ ಬೇರೆ ಬೇರೆ ಲೆಕ್ಕವಿಡಬೇಕಾಯಿತು. ಕಾಗದ ಬೆಟ್ಟದಷ್ಟಾಯಿತು. ಕಾಗದಕ್ಕೆ ಕಪಾಟು ಬೇಕು, ಕಪಾಟಿಗೆ ಕೋಣೆ ಬೇಕು, ಕೋಣೆಗೆ ಕಾವಲಿನವ ಬೇಕು. ಕಚೇರಿ ಬೆಳೆದದ್ದು ಹೀಗೆ.

ಕಾಗದದ ಈ ಸಂಕಟ ನಮ್ಮದು ಮಾತ್ರವಾಗಿರಲಿಲ್ಲ. ಅದಕ್ಕೆ ಮದ್ದು ಹುಡುಕಿದವರಲ್ಲಿ ಅಮೆರಿಕದವರು ಮುಂದಿದ್ದರು. ಅಲ್ಲಿಯೂ ಮೊದಲು ಬಂದ ಪತ್ರವನ್ನು ಮಡಚಿ, ಬೆನ್ನಿಗೆ ಹೆಸರು ತಾರೀಕು ಬರೆದು, ಪಾರಿವಾಳದ ಗೂಡಿನಂಥ ಖಾನೆಗಳಿಗೆ ತುರುಕುತ್ತಿದ್ದರು. ಹೋಗುವ ಪತ್ರದ ಪ್ರತಿಯನ್ನು ಜೇಮ್ಸ್ ವಾಟ್ 1780ರಲ್ಲಿ ಹಕ್ಕುಪತ್ರ ಪಡೆದ ಒತ್ತುಯಂತ್ರದಿಂದ ತೆಗೆದಿಡುವುದು. ಹಬೆಯಂತ್ರದ ವಾಟನೇ ಈತ. ಗುಮಾಸ್ತರ ಕೈನೋವಿಗೂ ಮದ್ದು ಕಂಡುಹಿಡಿದವನೆಂದು ನಮ್ಮ ವಿಜ್ಞಾನ ಪಾಠದಲ್ಲಿ ಹೇಳುವುದಿಲ್ಲ. 1874ರಲ್ಲಿ ಇಂಡಿಯಾನಾಪೊಲಿಸಿನ ವೂಟನ್ ಎಂಬವನು ಒಂದು ಮೇಜಿಗೆ ಹಕ್ಕುಪತ್ರ ಪಡೆದ. ಬಾಗಿಲಿನಂತೆ ಎರಡು ರೆಕ್ಕೆ ತೆರೆದರೆ ಒಳಗೆಲ್ಲ ಗೂಡುಗಳು; ಮುಚ್ಚಿ ಬೀಗ ಹಾಕಿದರೆ ಇಡೀ ಕಚೇರಿಯೇ ಯಜಮಾನನ ಜೇಬಿನಲ್ಲಿ. ಯಾವ ಗೂಡಿನಲ್ಲಿ ಯಾವ ಕಾಗದವಿದೆಯೆಂದು ಅವನೊಬ್ಬನಿಗೇ ಗೊತ್ತು. ಅವನು ಜ್ವರವೆಂದು ಮಲಗಿದರೆ ಕಚೇರಿಯೂ ಮಲಗಿತು.

ಅದೇ ವರ್ಷದ ಹೊತ್ತಿಗೆ ರೆಮಿಂಗ್ಟನ್ ಬೆರಳಚ್ಚು ಯಂತ್ರ ಮಾರುಕಟ್ಟೆಗೆ ಬಂತು. ಕಾರ್ಬನ್ ಕಾಗದವಿಟ್ಟು ಹೊಡೆದರೆ ಬಿಡಿಬಿಡಿಯಾದ ಪ್ರತಿಗಳು ದೊರೆಯತೊಡಗಿದವು. ಬಿಡಿ ಪ್ರತಿಯನ್ನು ಮಡಚುವುದೇಕೆ? ಒಂದು ವಿಷಯದ ಕಾಗದಗಳನ್ನೆಲ್ಲ ಒಂದು ರಟ್ಟಿನ ಹೊದಿಕೆಯೊಳಗೆ ನಿಲ್ಲಿಸಿಟ್ಟರೆ ಸಾಲದೆ? ಗ್ರಂಥಾಲಯಗಳ ದಶಮಾಂಶ ವರ್ಗೀಕರಣಕ್ಕೆ ಹೆಸರಾದ ಮೆಲ್ವಿಲ್ ಡ್ಯೂಯಿ ಸ್ಥಾಪಿಸಿದ ಲೈಬ್ರರಿ ಬ್ಯೂರೋ ಎಂಬ ಸಂಸ್ಥೆ ಇಂಥ ನಿಲುವು ಫೈಲುಗಳ ಕಪಾಟನ್ನು 1893ರ ಶಿಕಾಗೊ ಮೇಳದಲ್ಲಿ ತೋರಿಸಿತು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಇದೇ ಮೇಳದ ಅಂಗವಾಗಿ. ಆ ಕಪಾಟಿನ ಬಗ್ಗೆ ನಮ್ಮಲ್ಲಿ ಯಾರೂ ಭಾಷಣ ಮಾಡಿಲ್ಲ. ಆದರೆ ಪ್ರಪಂಚದ ಎಲ್ಲ ಕಚೇರಿಗಳನ್ನೂ ಅದು ಹೊಕ್ಕಿತು.

ಆಮೇಲೆ ಬಂದವರು ಲೆಕ್ಕಾಚಾರದವರು. ಫ್ರೆಡರಿಕ್ ಟೇಲರನು 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳ ಬಗ್ಗೆ ಪುಸ್ತಕ ಬರೆದು ಕಾರ್ಖಾನೆಯ ಕೂಲಿಯ ಕೈಚಲನೆಗೆ ಗಡಿಯಾರ ಹಿಡಿದ. 1917ರಲ್ಲಿ ಲೆಫಿಂಗ್‌ವೆಲ್ ಎಂಬವನು ಅದನ್ನೇ ಕಚೇರಿಗೆ ತಂದ. ಗುಮಾಸ್ತನು ನೀರು ಕುಡಿಯಲು ಎಷ್ಟು ನಡೆಯುತ್ತಾನೆಂಬುದನ್ನೂ ಅವನು ಲೆಕ್ಕಕ್ಕೆ ಬಿಡಲಿಲ್ಲ. ಗೂಡುಗಳ ಮೇಜು ಹೋಗಿ ಚಪ್ಪಟೆ ಮೇಜು ಬಂತು. ಖಾನೆಗಳು ಎರಡೋ ಮೂರೋ, ಅವೂ ಆಳವಿಲ್ಲದವು. ಮೇಜಿನ ಮೇಲಿದ್ದ ಕಾಗದ ಮೇಲ್ವಿಚಾರಕನ ಕಣ್ಣಿಗೆ ದೂರದಿಂದಲೇ ಬೀಳಬೇಕು, ಸಂಜೆಯೊಳಗೆ ಅದು ಮುಂದಿನವನಿಗೆ ದಾಟಬೇಕು. ಮನುಷ್ಯನನ್ನು ಗಾಣದೆತ್ತು ಮಾಡುವ ಈ ವ್ಯವಸ್ಥೆಯನ್ನು ನಾವು ಮೆಚ್ಚುವವರಲ್ಲ. ಆದರೆ ಅದರಲ್ಲೊಂದು ನ್ಯಾಯವಿತ್ತೆಂದು ಒಪ್ಪಲೇಬೇಕು: ಕಾಗದ ಅಡಗಿ ಕೂರಲು ಜಾಗವಿರಕೂಡದು.

ನಮ್ಮ ದೇಶಕ್ಕೆ ಈ ಮರದ ಗೂಡುಗಳೂ ಕಪಾಟುಗಳೂ ಬಂದಾಗ ಇನ್ನೊಬ್ಬ ಹಕ್ಕುದಾರ ಕಾದಿದ್ದ, ಅವನು ಗೆದ್ದಲು. 1897ರಲ್ಲಿ ಬೀಗ ತಯಾರಿಸಲು ತೊಡಗಿದ ಗೋದ್ರೆಜ್ ಸಂಸ್ಥೆ 1923ರಲ್ಲಿ ಉಕ್ಕಿನ ಕಪಾಟು ಮಾಡಿದ ಮೇಲೆ ಗೆದ್ದಲಿನ ಕಾಟ ತಪ್ಪಿತು. ಕರಾವಳಿಯ ಮಳೆಗೆ ತುಕ್ಕು ಹಿಡಿಯುವುದು ತಪ್ಪಲಿಲ್ಲ. ನಮ್ಮ ಶಾಲೆಯ ಕಪಾಟೊಂದರ ಬಾಗಿಲು ಜೂನ್ ತಿಂಗಳಲ್ಲಿ ಒದೆಯದೆ ತೆರೆಯುವುದಿಲ್ಲ. ಒಳಗಿನ ದಾಖಲಾತಿ ಪುಸ್ತಕಗಳು ಮಾತ್ರ ಅದರ ದಯೆಯಿಂದಲೇ ಉಳಿದಿವೆ.

ಇನ್ನು ಮೇಜಿನ ಮೇಲಿನ ಕ್ರಮಕ್ಕೆ ಬರೋಣ. ಮದ್ರಾಸ್ ಆಧಿಪತ್ಯದಲ್ಲಿ ಟಾಟನ್‌ಹ್ಯಾಮ್ ಎಂಬ ಐ.ಸಿ.ಎಸ್. ಅಧಿಕಾರಿಯ ಹೆಸರಿನಲ್ಲಿ ಒಂದು ಕಚೇರಿ ಪದ್ಧತಿ ರೂಢಿಗೆ ಬಂತು. ತಮಿಳುನಾಡು ಮತ್ತು ಕೇರಳಗಳ ಕಚೇರಿ ಕೈಪಿಡಿಗಳಲ್ಲಿ ಅದರ ಬೇರು ಈಗಲೂ ಕಾಣುತ್ತದೆ. ಪದ್ಧತಿ ಸರಳವಾದುದು. ಬಂದ ಕಾಗದಕ್ಕೆಲ್ಲ ಮೊದಲು ಟಪಾಲಿನಲ್ಲಿ ಒಂದು ಸಂಖ್ಯೆ. ಆ ಸಂಖ್ಯೆ, ಕಳುಹಿಸಿದವರ ಹೆಸರು, ವಿಷಯ ಇಷ್ಟನ್ನು ಹಂಚಿಕೆಯ ರಿಜಿಸ್ಟರಿನಲ್ಲಿ ಬರೆದು ಸಂಬಂಧಪಟ್ಟ ಗುಮಾಸ್ತನಿಗೆ ಕೊಡುವುದು. ಅವನು ತನ್ನ ಸ್ವಂತ ರಿಜಿಸ್ಟರಿನಲ್ಲಿ ಅದನ್ನು ಏರಿಸಿ, ಕಾಗದ ಎಲ್ಲಿಗೆ ಹೋಯಿತು, ಯಾವಾಗ ಬಂತು ಎಂಬುದನ್ನು ಅದೇ ಸಾಲಿನಲ್ಲಿ ಗುರುತಿಸುತ್ತ ಹೋಗಬೇಕು. ಮೇಲಧಿಕಾರಿ ಆಗಾಗ ಆ ರಿಜಿಸ್ಟರನ್ನು ತರಿಸಿ ನೋಡಬೇಕು. ಸಾಲು ತೆರೆದೇ ಇದ್ದರೆ ಕೆಲಸ ಬಾಕಿಯೆಂದು ಅರ್ಥ. ಗುಮಾಸ್ತನಿಗೆ ಹೆಸರಿಲ್ಲ, ಸೀಟಿದೆ: ಎ1, ಬಿ3 ಎಂದು. ಇಂದು ಇದ್ದವರು ನಾಳೆ ವರ್ಗವಾಗಿ ಹೋದಾರು, ಸೀಟು ಅಲ್ಲೇ ಇರುತ್ತದೆ. ಫ್ರಾನ್ಸಿನಲ್ಲಿ ಮೇಜಿನ ಹೆಸರು ಆಡಳಿತಕ್ಕೆ ಬಂದಂತೆ ನಮ್ಮಲ್ಲಿ ಕುರ್ಚಿಯ ಹೆಸರು ಬಂತೆನ್ನಬಹುದು. “ಅದು ನನ್ನ ಸೀಟಲ್ಲ” ಎಂಬ ಉತ್ತರವನ್ನು ಕೇಳದ ಓದುಗರು ನಮ್ಮಲ್ಲಿ ವಿರಳ.

ಪದ್ಧತಿಯೇನೋ ಒಳ್ಳೆಯದೇ. ನಮ್ಮವರು ಅದರೊಳಗೆ ಜಾರಿಬೀಳುವುದೆಲ್ಲಿ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

2009ರ ಮಳೆಗಾಲದಲ್ಲಿ ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗನೊಬ್ಬನ ಮನೆಯ ಮೇಲೆ ತೆಂಗಿನ ಮರ ಬಿತ್ತು. ತಂದೆ ಅಡಿಕೆ ತೋಟದ ಕೆಲಸದವರು. ಅರ್ಧ ಮಾಡು ಹೋಗಿತ್ತು. ಹುಡುಗನೇ ಚಂದದ ಕನ್ನಡದಲ್ಲಿ ಅರ್ಜಿ ಬರೆದ, ತಂದೆ ಸಹಿ ಹಾಕಿ ಸಂಬಂಧಪಟ್ಟ ಕಚೇರಿಗೆ ಕೊಟ್ಟು ಬಂದರು. ಮೂರು ವಾರವಾದರೂ ವಿಚಾರಣೆಗೆ ಯಾರೂ ಬರಲಿಲ್ಲ. “ಮಾಸ್ಟ್ರೇ, ಒಮ್ಮೆ ನೀವೇ ಬಂದು ಕೇಳಿದರೆ ಆಗ್ತಿತ್ತು” ಎಂದು ಅವರು ಶಾಲೆಗೆ ಬಂದರು. ನಾವು ಜೊತೆಗೆ ಹೋದೆವು.

ಅರ್ಜಿ ಎಲ್ಲಿಯೂ ಕಳೆದುಹೋಗಿರಲಿಲ್ಲ. ಟಪಾಲು ಗುಮಾಸ್ತರ ಮೇಜಿನ ಎಡಗಡೆಯ ಖಾನೆಯಲ್ಲಿ, ಬೇರೆ ಐದಾರು ಕನ್ನಡ ಅರ್ಜಿಗಳ ಜೊತೆ, ದಾರ ಕಟ್ಟಿ ಜೋಪಾನವಾಗಿತ್ತು. ಗುಮಾಸ್ತರು ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ತರುಣ. ಒರಟು ಮಾತಿಲ್ಲ, ದರ್ಪವಿಲ್ಲ. ಕಟ್ಟು ಬಿಚ್ಚಿ ನಮ್ಮ ಮುಂದಿಟ್ಟು, “ಇದೆಂದಾಣ್ ಮಾಷೇ?” ಎಂದು ಕೇಳಿದರು. ರಿಜಿಸ್ಟರಿನಲ್ಲಿ ವಿಷಯ ಎಂಬ ಕಾಲಂ ಇದೆಯಷ್ಟೆ. ಓದಲು ಬಾರದ ಕಾಗದದ ವಿಷಯವನ್ನು ಅಲ್ಲಿ ಏನೆಂದು ಬರೆಯುವುದು? ಬರೆಯದೆ ಸಂಖ್ಯೆ ಕೊಡುವಂತಿಲ್ಲ. ಸಂಖ್ಯೆಯಿಲ್ಲದೆ ಯಾವ ಸೀಟಿಗೂ ಹೋಗುವಂತಿಲ್ಲ. ಬಾಕಿಯ ಪಟ್ಟಿಗೂ ಸೇರುವುದಿಲ್ಲ, ಏಕೆಂದರೆ ಬಾಕಿಯಾಗಬೇಕಾದರೂ ಮೊದಲು ಸಂಖ್ಯೆ ಬೇಕು. ಆ ಕಚೇರಿಯ ಲೆಕ್ಕದಲ್ಲಿ ಅಂಥ ಅರ್ಜಿಯೂ ಬಂದಿಲ್ಲ, ಅಂಥ ಮರವೂ ಬಿದ್ದಿಲ್ಲ.

ನಾವು ಆರೂ ಅರ್ಜಿಗಳ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಒಂದೊಂದು ಸಾಲು ಮಲಯಾಳ ಬರೆದುಕೊಟ್ಟೆವು. ಹತ್ತು ನಿಮಿಷದ ಕೆಲಸ. ಆರಕ್ಕೂ ಅಲ್ಲೇ ಸಂಖ್ಯೆ ದೊರೆಯಿತು. ಆಮೇಲೆ ವಿಚಾರಣೆಗೆ ಜನವೂ ಬಂದರು. ಅಷ್ಟರಲ್ಲಿ ಆ ತಂದೆ ಸಾಲ ಮಾಡಿ ಹಂಚು ತರಿಸಿ ಮಾಡು ಸರಿಮಾಡಿಕೊಂಡಿದ್ದರು. ಹರಿಯುವ ಮಳೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಎಷ್ಟು ದಿನ ಕಾದಾರು? ಪರಿಶೀಲನೆಯ ಸಮಯದಲ್ಲಿ ಹಾನಿ ಕಂಡುಬಂದಿಲ್ಲ ಎಂಬ ಉತ್ತರ ಬಂತು, ಅದೂ ಮಲಯಾಳದಲ್ಲಿ. ಓದಿಸಿಕೊಳ್ಳಲು ಅದನ್ನು ಮತ್ತೆ ನಮ್ಮಲ್ಲಿಗೇ ತಂದರು. ಪರಿಹಾರದ ಹಣವೆಷ್ಟು ದೊಡ್ಡದೆಂದು ಕೇಳುವವರು ಕೇಳಲಿ. ಆ ಮನೆಗೆ ಅದು ದೊಡ್ಡದೇ ಆಗಿತ್ತು.

ಇಲ್ಲಿ ಯಾರನ್ನು ದೂರುವುದು? ಆ ತರುಣನನ್ನು ದೂರಲು ನಮಗೆ ಮನಸ್ಸು ಬಾರದು. ಅವರ ಮೇಜಿಗೆ ಖಾನೆ ಇತ್ತು, ರಿಜಿಸ್ಟರು ಇತ್ತು, ಅಂಟು ಇತ್ತು, ಮೊಹರು ಇತ್ತು. ಕನ್ನಡ ಓದುವ ಕಣ್ಣುಗಳು ಮಾತ್ರ ಆ ಮೇಜಿನ ಆಸುಪಾಸಿನಲ್ಲಿ ಇರಲಿಲ್ಲ. ಕುರ್ಚಿಯ ಬೆನ್ನಿಗೆ ಬಿಳಿಯ ಟವೆಲು ಹೊದಿಸಬೇಕೆಂದು ಯಾವ ಕೈಪಿಡಿಯಲ್ಲಿ ಬರೆದಿದೆಯೋ ಕಾಣೆವು, ಆದರೂ ಅದು ತಪ್ಪದೆ ಬದಲಾಗುತ್ತಿರುತ್ತದೆ. ಕುಂದುಕೊರತೆಯ ಮನವಿಯನ್ನು ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿಯಲ್ಲಿ ಬರೆದಿದೆ. ಅದಕ್ಕೆ ಬೇಕಾದ ಒಂದು ಸೀಟು ನಮ್ಮೂರ ಎಷ್ಟೋ ಕಚೇರಿಗಳಲ್ಲಿ ಇಲ್ಲ. ಸಲ್ಲಿಸುವ ಹಕ್ಕು ನಮ್ಮ ಕೈಯಲ್ಲಿದೆ, ಸ್ವೀಕರಿಸುವ ಕೈ ಆಚೆಗಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ ಅಂದಿನ ಕಚೇರಿಗಳ ಕಪಾಟುಗಳಲ್ಲಿ ಕನ್ನಡದ ದಾಖಲೆಗಳಿದ್ದವು. ನಮ್ಮ ಅಜ್ಜಂದಿರ ಕಾಲದ ಮೂಲಗೇಣಿ ಚೀಟುಗಳೂ ಕ್ರಯಪತ್ರಗಳೂ ಕನ್ನಡದಲ್ಲಿವೆ. ಗಡಿ ತಕರಾರು ಬಂದಾಗ ಅವನ್ನು ಓದಿಸಲೇಬೇಕು. ಕನ್ನಡ ಬಲ್ಲ ನೌಕರನೆಂದರೆ ಅಲ್ಪಸಂಖ್ಯಾತರಿಗೆ ತೋರಿಸುವ ದಾಕ್ಷಿಣ್ಯವಲ್ಲ; ಈ ಜಿಲ್ಲೆಯ ಭೂಮಿಯ ಲೆಕ್ಕ ಓದಲು ಬೇಕಾದ ಉಪಕರಣ. ಮಲಯಾಳ ಮಾತನಾಡುವ ನೆರೆಮನೆಯವನ ಹಿತ್ತಿಲಿನ ಹಳೆಯ ದಾಖಲೆಯೂ ಕನ್ನಡದಲ್ಲಿರಬಹುದಲ್ಲ!

ಹಿಂದೆ ಒಂದು ಸಬೂಬು ಇತ್ತು. ಕಚೇರಿಯಲ್ಲಿ ಇಂಗ್ಲಿಷ್ ಬೆರಳಚ್ಚು ಯಂತ್ರವಿದೆ, ಮಲಯಾಳದ್ದಿದೆ, ಕನ್ನಡದ್ದಿಲ್ಲ, ಉತ್ತರ ಹೇಗೆ ಕೊಡೋಣ ಎನ್ನುತ್ತಿದ್ದರು. ಆ ಮಾತಿನಲ್ಲಿ ಸ್ವಲ್ಪ ಹುರುಳೂ ಇತ್ತು. ಒಂದು ಯಂತ್ರಕ್ಕೆ ಒಂದೇ ಲಿಪಿ, ಕಬ್ಬಿಣದ ಅಚ್ಚನ್ನು ಬದಲಿಸಲಾಗದು. ಈಗ ಆ ಯಂತ್ರಗಳು ಮೂಲೆ ಸೇರಿವೆ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂದಾಗಲೇ ಅದರಲ್ಲಿ ಕನ್ನಡವಿತ್ತು, ಮಲಯಾಳದ ಪಕ್ಕದ ಮನೆಯಲ್ಲೇ ಇತ್ತು. ಅದೇ ಕಂಪ್ಯೂಟರಿನ ಅದೇ ಕೀಲಿಮಣೆಯಲ್ಲಿ ಎರಡನ್ನೂ ಒತ್ತಬಹುದು. ಖರ್ಚಿಲ್ಲ, ಹೊಸ ಮೇಜು ಬೇಡ, ಟೆಂಡರು ಕರೆಯಬೇಕಾಗಿಲ್ಲ.

ಹಾಗಾದರೆ ಕಂಪ್ಯೂಟರು ಬಂದ ಮೇಲೆ ಎಲ್ಲ ಸರಿಹೋಯಿತೆ? 1981ರಲ್ಲಿ ಝೆರಾಕ್ಸ್ ಸಂಸ್ಥೆಯ ಸ್ಟಾರ್ ಎಂಬ ಯಂತ್ರದ ಪರದೆಯಲ್ಲಿ ಮೊದಲ ಸಲ ಕಚೇರಿಯ ಸಾಮಾನುಗಳನ್ನೆಲ್ಲ ಚಿತ್ರವಾಗಿ ಮಾರಾಟಕ್ಕಿಟ್ಟರು: ಕಾಗದ, ಹೊದಿಕೆ, ಖಾನೆ, ಒಳಬರುವ ಬುಟ್ಟಿ, ಹೊರಹೋಗುವ ಬುಟ್ಟಿ. ಇಂದು ಎಲ್ಲರೂ ಡೆಸ್ಕ್‌ಟಾಪ್ ಎನ್ನುವುದು ಆ ಮೇಜಿನ ಹೆಸರನ್ನೇ. ಕೇರಳದ ಕಚೇರಿಗಳಲ್ಲಿ ಈಗ ಫೈಲು ಪರದೆಯ ಮೇಲೆ ಓಡುತ್ತದೆ, ಪ್ರಮಾಣಪತ್ರಗಳಿಗೆ ಅಕ್ಷಯ ಕೇಂದ್ರಕ್ಕೆ ಹೋದರಾಯಿತು. ಕೆಲಸ ಬೇಗನೆ ಆಗುತ್ತಿದೆಯೆಂಬುದನ್ನು ನಾವು ಸಂತೋಷದಿಂದಲೇ ಒಪ್ಪುತ್ತೇವೆ. ಆದರೆ ಅಲ್ಲಿಯೂ ಅರ್ಜಿಯ ವಿಷಯವನ್ನು ಯಾರಾದರೊಬ್ಬರು ಒತ್ತಿ ತುಂಬಿಸಬೇಕು. ಕನ್ನಡದ ಮನವಿಯನ್ನು ಸ್ಕ್ಯಾನ್ ಮಾಡಿ ಏರಿಸಿದರೂ ಮುಂದೆ ತೆರೆದು ನೋಡುವವರಿಗೆ ಓದಲು ಬರಬೇಕು. ಎಡಗಡೆಯ ಖಾನೆ ಮೇಜಿನಿಂದ ಪರದೆಯೊಳಕ್ಕೆ ಹೋಗಿದೆ, ಅಷ್ಟೆ. ಈಗ ದಾರವೂ ಕಾಣಿಸುವುದಿಲ್ಲ.

ನಮ್ಮವರ ತಪ್ಪನ್ನೂ ಹೇಳದಿದ್ದರೆ ಮಾತು ಪೂರ್ತಿಯಾಗದು. ಕನ್ನಡದಲ್ಲಿ ಅರ್ಜಿ ಕೊಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದನ್ನು ನಾವು ನೋಡುತ್ತಿದ್ದೇವೆ. ಸಮ್ಮೇಳನದಲ್ಲಿ ಗಂಟಲು ಹರಿಯುವಂತೆ ಕೂಗಿದವರೂ ಮರುದಿನ ಅರ್ಜಿ ಬರೆಯುವವನಿಗೆ ದುಡ್ಡು ಕೊಟ್ಟು ಮಲಯಾಳದಲ್ಲಿ ಬರೆಸುತ್ತಾರೆ. ಕೆಲಸ ಬೇಗ ಆಗಲೆಂಬ ಆಸೆ. ಅದನ್ನು ಹಳಿಯುವುದು ಸುಲಭ, ಮೇಲೆ ಹೇಳಿದ ಆ ತಂದೆಯ ಮುಂದೆ ನಿಂತು ಹಳಿಯುವುದು ಕಷ್ಟ. ಆದರೆ ಹೀಗೆ ಅರ್ಜಿಗಳೇ ಬಾರದಿದ್ದರೆ ಕನ್ನಡ ಬಲ್ಲ ನೌಕರನ ಅಗತ್ಯವೇ ಇಲ್ಲವೆಂದು ಕಚೇರಿ ವರದಿ ಬರೆಯುತ್ತದೆ. ವರದಿಯಲ್ಲಿ ಸುಳ್ಳೂ ಇರುವುದಿಲ್ಲ. ಅಂತೆಯೇ ನಮ್ಮ ಮಕ್ಕಳು ಲೋಕಸೇವಾ ಆಯೋಗದ ಪರೀಕ್ಷೆಗೆ ಕುಳಿತು, ಎರಡೂ ಭಾಷೆ ಬಲ್ಲವರಾಗಿ, ಮೇಜಿನ ಆಚೆಗೆ ಹೋಗಿ ಕುಳಿತುಕೊಳ್ಳುವ ಪ್ರಯತ್ನ ಸಾಲದು. ಮಲಯಾಳ ಕಲಿತರೆ ಕನ್ನಡಕ್ಕೆ ದ್ರೋಹವೆಂಬ ಹಳೆಯ ಮಾತನ್ನು ತರಗತಿಯಲ್ಲಿ ನಾವು ಒಪ್ಪುವುದಿಲ್ಲ. ಅಂದು ಆರು ಅರ್ಜಿಗಳು ಖಾನೆಯಿಂದ ಹೊರಬಂದದ್ದು ನಮಗೆ ಮಲಯಾಳ ಬರೆಯಲು ಬರುತ್ತಿದ್ದುದರಿಂದ.

ಸಂಬಂಧಪಟ್ಟವರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಕನ್ನಡಿಗರು ನೆಲೆಸಿರುವ ಊರುಗಳ ಪ್ರತಿ ಕಚೇರಿಯಲ್ಲಿ ಕನ್ನಡ ಓದಬಲ್ಲ ಒಬ್ಬರ ಸೀಟು ಯಾವುದೆಂದು ಬರೆದು ಬಾಗಿಲ ಬಳಿ ತೂಗಹಾಕಲಿ. ಅಂಥವರು ರಜೆಯಲ್ಲಿದ್ದರೆ ಅರ್ಜಿಯನ್ನು ಖಾನೆಗೆ ಹಾಕುವ ಬದಲು, ಕನ್ನಡ ಅರ್ಜಿ, ವಿಷಯ ತಿಳಿಯಬೇಕು ಎಂದಾದರೂ ವಿಷಯದ ಕಾಲಮಿನಲ್ಲಿ ಬರೆದು ಅಂದೇ ಸಂಖ್ಯೆ ಕೊಡಲಿ. ಸಂಖ್ಯೆ ಬಿದ್ದ ಕಾಗದ ಬಾಕಿಯ ಪಟ್ಟಿಯಲ್ಲಾದರೂ ಕಾಣಿಸಿಕೊಳ್ಳುತ್ತದೆ, ಮೇಲಿನವರು ಕೇಳಿಯಾರು. ನಿಂತು ಕಾಯುವ ಮುದುಕರಿಗೆ ಗೋಡೆಯ ಪಕ್ಕ ಒಂದು ಬೆಂಚು ಹಾಕಿದರೆ ಅದನ್ನೂ ಉಪಕಾರವೆಂದು ನೆನೆಯುತ್ತೇವೆ. ಈ ಮೂರನ್ನು ತಾಲೂಕು ಅಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ನಮ್ಮ ಜನಪ್ರತಿನಿಧಿಗಳು ಪ್ರಸ್ತಾಪಿಸಬೇಕು. ಪ್ರಸ್ತಾಪಿಸಿದರೋ ಇಲ್ಲವೋ ಎಂದು ಕೇಳಲು ನಾವೂ ಹೋಗುತ್ತೇವೆ.

ಅದಾಗುವವರೆಗೆ ಓದುಗರಲ್ಲಿ ಒಂದು ಕೋರಿಕೆ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ನೆತ್ತಿಯ ಮೇಲೆ ವಿಷಯವನ್ನು ಮಾತ್ರ ಒಂದು ಸಾಲು ಮಲಯಾಳದಲ್ಲಿ ಬರೆಯಿರಿ. ಬಾರದಿದ್ದರೆ ನಿಮ್ಮೂರ ಕನ್ನಡ ಶಾಲೆಯ ಅಧ್ಯಾಪಕರಲ್ಲಿ ಬರೆಸಿಕೊಳ್ಳಿ, ಬೇಡವೆನ್ನುವವರು ಇರಲಾರರು. ಕೊಟ್ಟ ಮೇಲೆ ಅರ್ಜಿಯ ಸಂಖ್ಯೆಯನ್ನೂ ತಾರೀಕನ್ನೂ ಚೀಟಿಯಲ್ಲಿ ಕೇಳಿ ಪಡೆಯಿರಿ. ಸಂಖ್ಯೆ ಸಿಗುವವರೆಗೆ ಆ ಮೇಜಿನ ಮುಂದಿನಿಂದ ಕದಲಬೇಡಿ.